ಕೇಳಿಸಿಕೊಳ್ಳುವ ನಟಿ: ಪೆಗ್ಗಿ ಆ್ಯಶ್‌ಕ್ರಾಫ್ಟ್

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಅರಮನೆ ಆವರಣದಲ್ಲಿ ಕೆಲವೇ ತಿಂಗಳು ಬಾಳಿ ಮರೆಯಾದ ಒಂದು ಊರಿತ್ತು. ಅದರ ಹೆಸರು ಚಂದ್ರಾಪುರ. ಇ. ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಸಿನಿಮಾ ಮಾಡಲು ಬಂದ ಡೇವಿಡ್ ಲೀನ್ ಅಲ್ಲಿ ಒಂದು ಪೇಟೆಯನ್ನೇ ಕಟ್ಟಿಸಿದ್ದರು. ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟ. ತೆರೆಯ ಮೇಲೆ ಆ ಬೆಟ್ಟದ ವೇಷ ಹಾಕಿದ್ದು ನಮ್ಮ ರಾಮನಗರ ಮತ್ತು ಸಾವನದುರ್ಗದ ಬಂಡೆಗಳು. ಗುಹೆಗೆ ಹೊರಟ ರೈಲು ಹತ್ತಿದ್ದು ನೀಲಗಿರಿಯ ಘಟ್ಟವನ್ನು.

1983ರ ಕೊನೆಗೆ ಶುರುವಾದ ಆ ಚಿತ್ರೀಕರಣಕ್ಕೆ ಬಂದವರಲ್ಲಿ ಒಬ್ಬರು ಆ ಡಿಸೆಂಬರಿಗೆ 76 ತುಂಬುತ್ತಿದ್ದ ನಟಿ. ಲೀನ್ ಮೊದಲು ಕರೆದಾಗ ಅವರು ಹಿಂಜರಿದಿದ್ದರು. ನನಗೀಗ ಎಪ್ಪತ್ತೈದು, ಲೀನ್ ಅವರೇ, ಅಂದರಂತೆ. ನನಗೂ ಅಷ್ಟೇ, ಅಂದರಂತೆ ಲೀನ್. ಅದು ನಿಜವೇ. ಇಬ್ಬರ ನಡುವೆ ಇದ್ದದ್ದು ಮೂರು ತಿಂಗಳ ಅಂತರ. ನಟಿ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲೀನ್ 1908ರ ಮಾರ್ಚ್ 25ರಂದು. ಹಾಗೆ ಒಪ್ಪಿಕೊಂಡು ಬಂದ ಪೆಗ್ಗಿ ಆ್ಯಶ್‌ಕ್ರಾಫ್ಟ್ ನಮ್ಮಲ್ಲಿ ಬಹುಪಾಲು ಜನಕ್ಕೆ ಗೊತ್ತಿರುವುದು ಆ ಒಂದೇ ಪಾತ್ರದಿಂದ, ಮಿಸೆಸ್ ಮೂರ್ ಎಂಬ ಮುದುಕಿಯಾಗಿ. ಆ ಮುದುಕಿಯ ಬೆನ್ನ ಹಿಂದೆ 57 ವರ್ಷಗಳ ರಂಗಭೂಮಿ ಇತ್ತು. ಇವತ್ತು ನಾನು ಮಾತಾಡಬೇಕಿರುವುದು ಅದರ ಬಗ್ಗೆ.

ಒಂದು ದೃಶ್ಯದಿಂದ ಹೊರಡೋಣ. ಬೆಳದಿಂಗಳ ರಾತ್ರಿ, ಪಾಳುಬಿದ್ದ ಮಸೀದಿ. ಡಾಕ್ಟರ್ ಅಜೀಜ್ ಒಬ್ಬನೇ ಬಂದಿದ್ದಾನೆ. ಒಳಗಿನಿಂದ ಒಬ್ಬ ಬಿಳಿಯ ಹೆಂಗಸು ಹೊರಬರುತ್ತಾಳೆ. ಅವನಿಗೆ ಸಿಟ್ಟು, ಇಲ್ಲಿ ಚಪ್ಪಲಿ ಬಿಚ್ಚಿ ಬರಬೇಕು ಎಂದು ದಬಾಯಿಸುತ್ತಾನೆ. ಬಿಚ್ಚಿದ್ದೇನೆ, ಅನ್ನುತ್ತಾಳೆ ಅವಳು. ನೋಡುವವರು ಯಾರೂ ಇಲ್ಲದಾಗಲೂ ಬಿಚ್ಚುವವರು ಕಡಿಮೆ ಎಂದು ಅಜೀಜ್ ತಡವರಿಸಿದಾಗ, ದೇವರು ಇಲ್ಲಿದ್ದಾನಲ್ಲ ಎಂಬುದು ಅವಳ ಉತ್ತರ. ಸಿನಿಮಾ ನೋಡಿದವರೆಲ್ಲ ಆ ಉತ್ತರವನ್ನು ನೆನಪಿಡುತ್ತಾರೆ. ನಾನು ನಿಮಗೆ ಹೇಳುವುದು ಬೇರೆ: ಮುಂದಿನ ಸಲ ನೋಡುವಾಗ ಅಜೀಜ್ ಮಾತಾಡುತ್ತಿರುವಾಗ ಆ ಮುದುಕಿಯ ಮುಖವನ್ನು ನೋಡಿ. ಅಜೀಜ್ ಆಗಿರುವ ವಿಕ್ಟರ್ ಬ್ಯಾನರ್ಜಿ ಹೇಳುವ ಒಂದೊಂದು ಮಾತೂ ಆ ಮುಖದಲ್ಲಿ ಬಂದು ಕೂರುತ್ತದೆ. ಅವನ ಸಿಟ್ಟು ಕರಗುವುದು ಅವಳು ಏನೋ ಹೇಳಿದ್ದಕ್ಕಿಂತ ಹೆಚ್ಚಾಗಿ ಅವಳು ಕೇಳಿಸಿಕೊಂಡ ರೀತಿಗೆ.

ನಾನು ಹಲವು ವರ್ಷ ಹವ್ಯಾಸಿ ನಾಟಕಗಳನ್ನು ಆಡಿಸಿದವನು. ತಾಲೀಮಿನಲ್ಲಿ ನನಗೆ ಅತಿ ಕಷ್ಟವಾದ ಕೆಲಸ ಯಾವುದೆಂದು ಕೇಳಿದರೆ, ಮಾತು ಕಲಿಸುವುದಲ್ಲ, ಎದುರಿನವರ ಮಾತು ಮುಗಿಯುವ ತನಕ ನಟರನ್ನು ಜೀವಂತವಾಗಿ ಇರಿಸುವುದು. ನಮ್ಮ ಹುಡುಗರು ತಮ್ಮ ಮಾತಿನ ಸರದಿಯನ್ನಷ್ಟೇ ಕಾಯುತ್ತಾರೆ. ಎದುರಿನವನ ಕೊನೆಯ ಪದ ಬಿದ್ದ ಕೂಡಲೇ ತಮ್ಮದನ್ನು ಎಸೆಯುತ್ತಾರೆ. ನಡುವೆ ಅವರ ಕಣ್ಣು ಸತ್ತಿರುತ್ತದೆ. ಆ್ಯಶ್‌ಕ್ರಾಫ್ಟ್ ಅವರ ಬದುಕನ್ನು ಓದುತ್ತ ಹೋದಂತೆ ನನಗೆ ಅನ್ನಿಸಿದ್ದು, ಈ ಕೇಳಿಸಿಕೊಳ್ಳುವ ವಿದ್ಯೆಯನ್ನು ಅವರು ಒಂಟಿಯಾಗಿ ಕಲಿಯಲಿಲ್ಲ ಎಂಬುದು. ಅದಕ್ಕೊಂದು ತಂಡ ಬೇಕು, ಒಬ್ಬರನ್ನೊಬ್ಬರು ವರ್ಷಗಟ್ಟಲೆ ಬಲ್ಲ ನಟರು ಬೇಕು. ಅವರ ಇಡೀ ವೃತ್ತಿಜೀವನ ಅಂಥ ತಂಡಕ್ಕಾಗಿ ನಡೆಸಿದ ಹುಡುಕಾಟ.

ಹುಟ್ಟಿದ್ದು ಲಂಡನ್ನಿಗೆ ಅಂಟಿಕೊಂಡ ಕ್ರಾಯ್ಡನ್‌ನಲ್ಲಿ. ತಂದೆ ಮೊದಲನೇ ಮಹಾಯುದ್ಧದಲ್ಲಿ ತೀರಿಕೊಂಡರು. ತಾಯಿಗೆ ನಾಟಕದ ಗೀಳು. ಎಲ್ಸಿ ಫೋಗರ್ಟಿ ಎಂಬ ಪ್ರಸಿದ್ಧ ವಾಚಿಕ ಶಿಕ್ಷಕಿಯ ಹತ್ತಿರ ಪಾಠ ಹೇಳಿಸಿಕೊಂಡಿದ್ದವರು. ಹದಿನಾರನೇ ವಯಸ್ಸಿನಲ್ಲಿ ಮಗಳೂ ಫೋಗರ್ಟಿಯವರ ಶಾಲೆಗೇ ಸೇರಿದಳು. ರಾಯಲ್ ಆಲ್ಬರ್ಟ್ ಹಾಲ್ ಎಂಬ ಭಾರೀ ಸಭಾಂಗಣದ ಕಟ್ಟಡದಲ್ಲೇ ಪಾಠ. ಸಹಪಾಠಿಗಳಲ್ಲಿ ಒಬ್ಬ ಲಾರೆನ್ಸ್ ಒಲಿವಿಯರ್. ಅಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ದನಿ: ಉಸಿರು, ಉಚ್ಚಾರ, ಪದ್ಯ ಹೇಳುವ ರೀತಿ. ಪೆಗ್ಗಿಗೆ ಅದು ಸಾಲಲಿಲ್ಲ. ಆ ದಿನಗಳಲ್ಲೇ ಇಂಗ್ಲಿಷಿಗೆ ಬಂದ, ರಷ್ಯದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಆತ್ಮಕಥನವನ್ನು ಓದಿದರು. ಮಾಸ್ಕೋದಲ್ಲಿ ಒಂದೇ ತಂಡ ವರ್ಷಾನುಗಟ್ಟಲೆ ಜೊತೆಗಿದ್ದು ನಾಟಕ ಕಟ್ಟುತ್ತದೆ ಎಂಬ ಸಂಗತಿ ಆ ಹುಡುಗಿಯ ತಲೆಯಲ್ಲಿ ಬೇರೂರಿತು. ಲಂಡನ್ನಿನಲ್ಲಿ ಆಗ ಹಾಗಿರಲಿಲ್ಲ. ಒಂದು ನಾಟಕಕ್ಕೆ ನಟರನ್ನು ಕೂಡಿಸುವುದು, ಟಿಕೆಟ್ ಓಡುವಷ್ಟು ದಿನ ಓಡಿಸುವುದು, ಚದುರುವುದು. ಇಷ್ಟೇ.

1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ ರಾಲ್ಫ್ ರಿಚರ್ಡ್‌ಸನ್ ಎದುರು ಮೊದಲ ಪಾತ್ರ. ಅಲ್ಲಿಂದ ಮೂರ್ನಾಲ್ಕು ವರ್ಷ ಸಣ್ಣಪುಟ್ಟ ಪಾತ್ರಗಳು, 1929ರಲ್ಲಿ ಒಂದು ಗೆಲುವು. ಇವನ್ನು ದಾಟಿ ನಾನು ನೇರ 1930ರ ಮೇ ತಿಂಗಳಿಗೆ ಬರುತ್ತೇನೆ. ಸವಾಯ್ ಥಿಯೇಟರಿನಲ್ಲಿ ‘ಒಥೆಲೋ’. ಒಥೆಲೋ ಆಗಿ ಪಾಲ್ ರೋಬ್ಸನ್, ಡೆಸ್ಡಿಮೋನಾ ಆಗಿ 22 ವರ್ಷದ ಪೆಗ್ಗಿ.

ಇದರ ತೂಕ ನಮಗೆ ಇವತ್ತು ಸುಲಭಕ್ಕೆ ಗೊತ್ತಾಗುವುದಿಲ್ಲ. ಒಥೆಲೋ ಎಂದರೆ ಕಪ್ಪು ವರ್ಣದ ಸೇನಾಪತಿ. ಆದರೆ ಲಂಡನ್ನಿನ ದೊಡ್ಡ ರಂಗಮಂದಿರಗಳಲ್ಲಿ ಆ ಪಾತ್ರಕ್ಕೆ ತಲೆಮಾರುಗಳಿಂದ ಬಿಳಿಯ ನಟರೇ ಮುಖಕ್ಕೆ ಮಸಿ ಬಳಿದುಕೊಂಡು ನಿಲ್ಲುತ್ತಿದ್ದರು. ಇರಾ ಆಲ್ಡ್ರಿಜ್ ಎಂಬ ಕಪ್ಪು ನಟ 1833ರಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಅದನ್ನು ಮಾಡಿದ್ದ. ಹತ್ತಿರ ಹತ್ತಿರ ನೂರು ವರ್ಷದ ಮೇಲೆ ರೋಬ್ಸನ್ ಬಂದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನ ಮಗ, ಕಾನೂನು ಓದಿದವನು, ಹಾಡಿದರೆ ನೆಲ ನಡುಗುವ ಕಂಠ. ಆ ಮನುಷ್ಯ ವೇದಿಕೆಯ ಮೇಲೆ ಬಿಳಿಯ ಹೆಣ್ಣಿಗೆ ಮುತ್ತಿಡುತ್ತಾನೆ ಎಂಬುದೇ ಹಲವರಿಗೆ ಸಹಿಸಲಾಗದ ವಿಷಯ. ಪೆಗ್ಗಿಗೆ ಕೊಳಕು ಪತ್ರಗಳು ಬಂದವು. ನಾಟಕದ ಒಳಗಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. ನಿರ್ದೇಶನದಿಂದ ಹೆಚ್ಚಿನ ನೆರವು ಸಿಗದೆ ನಟರು ತಾವೇ ಬೇರೆ ಕೂತು ಅಭ್ಯಾಸ ಮಾಡಿಕೊಳ್ಳಬೇಕಾಯಿತು. ಅದೇ ನಾಟಕವನ್ನು ಅಮೆರಿಕದ ಬ್ರಾಡ್‌ವೇಯಲ್ಲಿ ಆಡಲು ರೋಬ್ಸನ್ ಇನ್ನೂ ಹದಿಮೂರು ವರ್ಷ, 1943ರ ತನಕ, ಕಾಯಬೇಕಾಯಿತು. ಅಲ್ಲಿ ಡೆಸ್ಡಿಮೋನಾ ಆದವರು ಯೂಟಾ ಹೇಗನ್.

ಡೆಸ್ಡಿಮೋನಾ ಪಾತ್ರ ನಟಿಯರಿಗೆ ಬೇಸರ ತರಿಸುವಂಥದ್ದು ಎಂದು ಹೇಳುವವರಿದ್ದಾರೆ. ಮಾತು ಕಡಿಮೆ, ಅಳು ಜಾಸ್ತಿ, ಕೊನೆಗೆ ದಿಂಬಿನಡಿ ಸಾವು. ಆದರೆ ನಾಟಕದ ಮೂಲವೇ ಅವಳ ಕೇಳುವಿಕೆಯಲ್ಲಿದೆ. ಒಥೆಲೋ ತನ್ನ ಯುದ್ಧ, ಸೆರೆವಾಸ, ಅಲೆದಾಟದ ಕಥೆಗಳನ್ನು ಅವಳ ತಂದೆಗೆ ಹೇಳುತ್ತಿದ್ದಾಗ ಮನೆಗೆಲಸವನ್ನು ಬೇಗ ಬೇಗ ಮುಗಿಸಿ ಬಂದು ಕೂತು ಕೇಳಿದವಳು ಅವಳು. ಕೇಳಿ ಮೆಚ್ಚಿದವಳು. ಆ ಎಳೆಯ ವಯಸ್ಸಿನಲ್ಲಿ ಪೆಗ್ಗಿಗೆ ಇಂಥ ಪಾತ್ರ, ಇಂಥ ಎದುರು ನಟ ಸಿಕ್ಕಿದ್ದು ಬರೀ ಅದೃಷ್ಟ ಎನ್ನಲು ನನಗೆ ಮನಸ್ಸಿಲ್ಲ. ವರ್ಣಭೇದ ಅಂದರೇನು ಎಂಬುದು ಆ ದಿನಗಳಲ್ಲಿ ಅವರ ಕಣ್ಣೆದುರಿಗೇ ನಡೆಯಿತು, ಮತ್ತು ಅವರು ಅದನ್ನು ಮರೆಯಲಿಲ್ಲ.

1932ರಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ನಾಟಕ ಸಂಘ ‘ರೋಮಿಯೋ ಮತ್ತು ಜೂಲಿಯೆಟ್’ ಎತ್ತಿಕೊಂಡಿತು. ಆ ಸಂಘದಲ್ಲಿ ಹುಡುಗಿಯರಿಗೆ ಪ್ರವೇಶವಿಲ್ಲ. ಸ್ತ್ರೀಪಾತ್ರಗಳಿಗೆ ಹೊರಗಿನಿಂದ ವೃತ್ತಿನಟಿಯರನ್ನು ಕರೆಸುವ ರೂಢಿ. ಹಾಗೆ ಬಂದವರು ಪೆಗ್ಗಿ ಮತ್ತು ಎಡಿತ್ ಇವಾನ್ಸ್. ನಿರ್ದೇಶಕ ಜಾನ್ ಗೀಲ್‌ಗುಡ್, ಅವರಿಗೆ ಅದೇ ಮೊದಲ ನಿರ್ದೇಶನ. ರೋಮಿಯೋನ ಗೆಳೆಯ ಮರ್ಕ್ಯೂಶಿಯೋ ಆಗಿದ್ದ ವಿದ್ಯಾರ್ಥಿ ಜಾರ್ಜ್ ಡಿವೈನ್. ಒಂದೇ ಒಂದು ಮಾತಿನ ವಾದ್ಯಗಾರನ ಪಾತ್ರ ಟೆರೆನ್ಸ್ ರಾಟಿಗನ್ ಎಂಬ ಹುಡುಗನದು. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತವೆ. ಒಂದು ವಿದ್ಯಾರ್ಥಿ ನಾಟಕದಲ್ಲಿ ಇಷ್ಟು ಜನ ಒಟ್ಟಾದರಲ್ಲ ಎಂದು ನನಗೆ ಈಗಲೂ ಬೆರಗು.

ಮೂರು ವರ್ಷದ ನಂತರ, 1935ರ ಅಕ್ಟೋಬರಿನಲ್ಲಿ, ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ಗೀಲ್‌ಗುಡ್ ಅದೇ ನಾಟಕವನ್ನು ಮತ್ತೆ ಕಟ್ಟಿದರು. ಈ ಸಲ ಒಂದು ಸಾಹಸ. ಮೊದಲ ಕೆಲವು ವಾರ ಒಲಿವಿಯರ್ ರೋಮಿಯೋ, ಗೀಲ್‌ಗುಡ್ ಮರ್ಕ್ಯೂಶಿಯೋ. ಆಮೇಲೆ ಇಬ್ಬರೂ ಪಾತ್ರ ಅದಲುಬದಲು. ಗೀಲ್‌ಗುಡ್‌ಗೆ ಪದ್ಯವೇ ಪ್ರಾಣ, ಸಾಲು ಸಾಲಾಗಿ ಹಾಡಿನಂತೆ ಹರಿಸುವವರು. ಒಲಿವಿಯರ್‌ಗೆ ಮೈ ಮುಖ್ಯ, ಬಿಸಿರಕ್ತದ ಹುಡುಗನನ್ನು ತಂದು ನಿಲ್ಲಿಸಬೇಕು ಎಂಬ ಹಟ. ಪದ್ಯ ಹೇಳಲು ಬಾರದವನು ಎಂದು ವಿಮರ್ಶಕರು ಒಲಿವಿಯರ್ ಮೇಲೆ ಹರಿಹಾಯ್ದರು. ಲಂಡನ್ ಊರಿಗೆ ಊರೇ ಯಾರು ದೊಡ್ಡವರು ಎಂದು ವಾದಿಸಿತು. ಇಂದಿಗೂ ಪುಸ್ತಕಗಳಲ್ಲಿ ಆ ವಾದ ಮುಗಿದಿಲ್ಲ.

ನನ್ನ ಕುತೂಹಲ ಇರುವುದು ಜೂಲಿಯೆಟ್ ಕಡೆಗೆ. ಇಬ್ಬರು ರೋಮಿಯೋ, ಒಬ್ಬಳೇ ಜೂಲಿಯೆಟ್. ಮಹಡಿಯ ಕೆಳಗೆ ಈ ವಾರ ಒಂದು ದನಿ, ಮುಂದಿನ ವಾರ ಇನ್ನೊಂದು. ಒಬ್ಬನ ಪ್ರೇಮ ಸಂಗೀತ, ಇನ್ನೊಬ್ಬನದು ಜ್ವರ. ಅವೇ ಸಾಲುಗಳನ್ನು ಹೇಳುತ್ತ ಎರಡು ಬೇರೆ ಬೇರೆ ಪ್ರೇಮಗಳಿಗೆ ಉತ್ತರ ಕೊಡಬೇಕಿತ್ತು. ತಾನು ಮೊದಲೇ ಕಲಿತು ಬಂದದ್ದನ್ನು ಒಪ್ಪಿಸುವ ನಟಿಯಾಗಿದ್ದರೆ ಎರಡರಲ್ಲಿ ಒಂದು ನಾಟಕ ಬಿದ್ದುಹೋಗುತ್ತಿತ್ತು. ಬೀಳಲಿಲ್ಲ, 186 ಪ್ರದರ್ಶನ ನಡೆಯಿತು, ಆ ನಾಟಕದ ಮಟ್ಟಿಗೆ ಅದು ದಾಖಲೆ.

ಅದೇ ವರ್ಷ ಹಿಚ್‌ಕಾಕ್ ಅವರ ‘ದಿ ಥರ್ಟಿ ನೈನ್ ಸ್ಟೆಪ್ಸ್’ ಬಿಡುಗಡೆಯಾಯಿತು. ಅದರಲ್ಲಿ ಪೆಗ್ಗಿಗೆ ಕೆಲವೇ ನಿಮಿಷದ ಪಾತ್ರ. ಸ್ಕಾಟ್ಲೆಂಡಿನ ಬೆಟ್ಟದ ಮೇಲೆ ಒಂಟಿ ಮನೆ, ದೇವರ ಹೆಸರಿನಲ್ಲಿ ಹಿಂಸಿಸುವ ಜಿಪುಣ ಗಂಡ, ನಗರ ನೋಡುವ ಆಸೆ ಒಳಗೇ ಬತ್ತಿಹೋಗುತ್ತಿರುವ ಎಳೆಯ ಹೆಂಡತಿ. ಪೊಲೀಸರಿಂದ ತಪ್ಪಿಸಿಕೊಂಡು ಬಂದವನಿಗೆ ಅವಳು ಗಂಡನ ಕೋಟನ್ನು ಕೊಟ್ಟು ಕಳಿಸುತ್ತಾಳೆ. ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾಗೀತೆಗಳ ಪುಸ್ತಕ ಮುಂದೆ ಅವನ ಎದೆಗೆ ಬಂದ ಗುಂಡನ್ನು ತಡೆಯುತ್ತದೆ. ಲಂಡನ್ನಿನ ಹೆಂಗಸರು ಈಗ ಏನು ತೊಡುತ್ತಾರೆ ಎಂದು ಅತಿಥಿಯನ್ನು ಕೇಳಿ, ಉತ್ತರಕ್ಕೆ ಕಾಯುವಾಗಿನ ಆ ಕಣ್ಣುಗಳು! ನಾನು ಆ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಅಲ್ಲೇ ನಿಲ್ಲುತ್ತೇನೆ. ಇಷ್ಟಾದರೂ ಮುಂದಿನ ನಲವತ್ತು ವರ್ಷ ಅವರು ಸಿನಿಮಾಕ್ಕೆ ಕೊಟ್ಟದ್ದು ಬಹಳ ಕಡಿಮೆ. 1959ರ ‘ದಿ ನನ್ಸ್ ಸ್ಟೋರಿ’ಯಂಥ ಕೆಲವನ್ನು ಬಿಟ್ಟರೆ ಹೇಳುವಂಥವು ವಿರಳ. ರಂಗಭೂಮಿಯ ದಿನಚರಿಯನ್ನು ಬಿಟ್ಟಿರಲು ಅವರಿಗೆ ಆಗುತ್ತಿರಲಿಲ್ಲ.

ಮನೆಯ ಬದುಕಿನ ಬಗ್ಗೆ ಎರಡು ಮಾತು ಸಾಕು. ಮೂರು ಮದುವೆ, ಮೂರೂ ಮುರಿದವು. ಮೊದಲನೆಯವರು ಮುಂದೆ ಪ್ರಕಾಶಕರಾಗಿ ಹೆಸರು ಮಾಡಿದ ರೂಪರ್ಟ್ ಹಾರ್ಟ್-ಡೇವಿಸ್. ಎರಡನೆಯವರು ರಷ್ಯನ್ ನಿರ್ದೇಶಕ ಕೊಮಿಸಾರ್ಜೆವ್‌ಸ್ಕಿ. ಮದುವೆ ಮುರಿದ ಮೇಲೂ 1936ರಲ್ಲಿ ಅವರ ನಿರ್ದೇಶನದ ‘ದಿ ಸೀಗಲ್’ನಲ್ಲಿ ಪೆಗ್ಗಿ ನೀನಾ ಆದರು. ಮೂರನೆಯವರು ವಕೀಲ ಜೆರೆಮಿ ಹಚಿನ್‌ಸನ್. ಇಪ್ಪತ್ತೈದು ವರ್ಷದ ಸಂಸಾರ, ಇಬ್ಬರು ಮಕ್ಕಳು.

1937-38ರಲ್ಲಿ ಗೀಲ್‌ಗುಡ್ ಕ್ವೀನ್ಸ್ ಥಿಯೇಟರಿನಲ್ಲಿ ಒಂದು ಋತುವಿಗೆ ಒಂದು ತಂಡ ಕಟ್ಟಿದರು. ನಾಲ್ಕು ನಾಟಕ, ಅವೇ ನಟರು. ಪೆಗ್ಗಿ ಹದಿಹರೆಯದಲ್ಲಿ ಓದಿದ ಕನಸು ಮೊದಲ ಬಾರಿ ಮೈತಳೆದದ್ದು ಅಲ್ಲಿ. ಫ್ರಾನ್ಸಿನಿಂದ ಬಂದ ಮಿಶೆಲ್ ಸೇಂಟ್-ಡೆನಿಸ್ ಚೆಕಾಫ್‌ನ ‘ಮೂವರು ಅಕ್ಕತಂಗಿಯರು’ ಆಡಿಸಿದಾಗ ಆ ಕಾಲದ ರೂಢಿಯನ್ನು ಮೀರಿ ಹೆಚ್ಚು ವಾರಗಳ ತಾಲೀಮು ಇಟ್ಟರು. ಪೆಗ್ಗಿ ಕಿರಿಯವಳು ಇರೀನಾ. ಚೆಕಾಫ್‌ನಲ್ಲಿ ನಾಯಕ, ನಾಯಕಿ ಅಂತ ಇರುವುದಿಲ್ಲ. ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಚಹಾ ಬಗ್ಗಿಸುತ್ತಿರುತ್ತಾರೆ, ಮತ್ತೊಬ್ಬರ ಬದುಕು ಆ ಹೊತ್ತಿಗೇ ಸದ್ದಿಲ್ಲದೆ ಮುರಿಯುತ್ತಿರುತ್ತದೆ. ತಂಡವಿಲ್ಲದೆ ಅದನ್ನು ಆಡಲಾಗದು. ಆ ತಂಡದಲ್ಲಿ ಫೆದೋತಿಕ್ ಎಂಬ ಸಣ್ಣ ಪಾತ್ರ ಮಾಡಿದ, ಇಪ್ಪತ್ತಮೂರು ವರ್ಷದ ಒಬ್ಬ ಸಂಕೋಚದ ನಟ ಇದ್ದ. ಅವನ ಹೆಸರು ಅಲೆಕ್ ಗಿನ್ನಿಸ್. ಅವನನ್ನು ಸದ್ಯ ಅಲ್ಲೇ ಬಿಟ್ಟಿರೋಣ.

ಯುದ್ಧ ಬಂತು, ತಂಡ ಚದುರಿತು. ಯುದ್ಧಾನಂತರದ ಹತ್ತು ವರ್ಷ ಪೆಗ್ಗಿ ದೊಡ್ಡ ದೊಡ್ಡ ಪಾತ್ರಗಳನ್ನು ಗೆದ್ದರು. ಆ ಪಟ್ಟಿ ಓದಿದರೆ ಗಂಟೆ ಬೇಕು. ಎರಡನ್ನು ಹೇಳುತ್ತೇನೆ. 1952ರಲ್ಲಿ ‘ದಿ ಡೀಪ್ ಬ್ಲೂ ಸೀ’. ಗ್ಯಾಸ್ ತೆರೆದಿಟ್ಟು ಸಾಯಲು ಮಲಗಿದ ಹೆಂಗಸಿನಿಂದ ಶುರುವಾಗುವ ನಾಟಕ, ಬರೆದವರು ಆ ಒಂದು ಮಾತಿನ ಹುಡುಗ ರಾಟಿಗನ್. 1954ರಲ್ಲಿ ಇಬ್ಸೆನ್ನನ ಹೆಡ್ಡಾ ಗ್ಯಾಬ್ಲರ್. ಅದನ್ನು ಇಬ್ಸೆನ್ನನ ನಾಡಿಗೇ ಕೊಂಡೊಯ್ದು ಆಡಿ, ನಾರ್ವೆಯ ರಾಜ ಹಾಕೊನ್ ಕೈಯಿಂದ ಚಿನ್ನದ ಪದಕ ಪಡೆದು ಬಂದರು. 1956ರಲ್ಲಿ ‘ಡೇಮ್’ ಪದವಿ ಬಂತು. ಪದವಿ ಬಂದವರು ಸಾಮಾನ್ಯವಾಗಿ ಗಟ್ಟಿ ನೆಲದ ಮೇಲೆ ನಿಲ್ಲುತ್ತಾರೆ. ಇವರು ಅದೇ ವರ್ಷ ರಾಯಲ್ ಕೋರ್ಟ್ ಥಿಯೇಟರಿಗೆ ಹೋಗಿ ಬ್ರೆಖ್ಟ್‌ನ ‘ಸೆಜುವಾನಿನ ಸಾಧ್ವಿ’ ಆಡಿದರು. ರಾಯಲ್ ಕೋರ್ಟ್ ಎಂದರೆ ಸಿಟ್ಟಿನ ತರುಣರ ಹೊಸ ನಾಟಕಗಳ ಮನೆ. ಅದನ್ನು ನಡೆಸುತ್ತಿದ್ದವರು ಆಕ್ಸ್‌ಫರ್ಡಿನ ಮರ್ಕ್ಯೂಶಿಯೋ, ಜಾರ್ಜ್ ಡಿವೈನ್.

1960ಕ್ಕೆ ಬರೋಣ. ಶೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡಿನ ರಂಗಮಂದಿರವನ್ನು ಇಪ್ಪತ್ತೊಂಬತ್ತು ವರ್ಷದ ಪೀಟರ್ ಹಾಲ್ ವಹಿಸಿಕೊಂಡರು. ನಟರನ್ನು ವರ್ಷಗಳ ಕರಾರಿನ ಮೇಲೆ ಕಟ್ಟಿಕೊಂಡು, ಸ್ಟ್ರಾಟ್‌ಫರ್ಡ್ ಮತ್ತು ಲಂಡನ್ ಎರಡರಲ್ಲೂ ಆಡುವ ಶಾಶ್ವತ ತಂಡ ಅವರ ಯೋಜನೆ. ದುಡ್ಡಿನ ಲೆಕ್ಕ ನೋಡಿದವರಿಗೆ ಅದು ಹುಚ್ಚಾಗಿ ಕಂಡಿರಬೇಕು. ಹಾಲ್ ಮೊದಲಿಗೇ ಕೇಳಿದ್ದು ಪೆಗ್ಗಿಯನ್ನು. ಅವರು ಹೂಂ ಅಂದರು. ಐವತ್ತು ದಾಟಿದ, ದೇಶದ ಅತಿ ಗೌರವದ ನಟಿ ಹೂಂ ಅಂದ ಮೇಲೆ ಉಳಿದವರೂ ಬಂದರು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಆಲ್ಡ್ವಿಚ್ ಥಿಯೇಟರ್ ಪೆಗ್ಗಿಯವರ ‘ಡಚೆಸ್ ಆಫ್ ಮಾಲ್ಫಿ’ಯೊಂದಿಗೆ ಬಾಗಿಲು ತೆರೆಯಿತು. 1961ರಲ್ಲಿ ಆ ತಂಡಕ್ಕೆ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಎಂಬ ಹೆಸರಾಯಿತು. ಇವತ್ತು ಜಗತ್ತೇ ಬಲ್ಲ ಕಂಪನಿ. ಹದಿನೇಳರ ಹುಡುಗಿ ಪುಸ್ತಕದಲ್ಲಿ ಓದಿದ್ದು ಐವತ್ತಮೂರರಲ್ಲಿ ಕೈಗೆ ಬಂತು.

1963ರಲ್ಲಿ ಅದೇ ಕಂಪನಿ ‘ದಿ ವಾರ್ಸ್ ಆಫ್ ದಿ ರೋಸಸ್’ ಕೈಗೆತ್ತಿಕೊಂಡಿತು. ಆರನೇ ಹೆನ್ರಿಯ ಮೂರು ನಾಟಕಗಳು ಮತ್ತು ಮೂರನೇ ರಿಚರ್ಡ್. ಈ ನಾಲ್ಕನ್ನು ಜಾನ್ ಬಾರ್ಟನ್ ಕತ್ತರಿಸಿ ಹೊಲಿದು ಮೂರು ನಾಟಕ ಮಾಡಿದರು. ಕೆಲವು ದಿನ ಬೆಳಗಿನಿಂದ ರಾತ್ರಿಯ ತನಕ ಮೂರನ್ನೂ ಒಂದೇ ದಿನ ಆಡುತ್ತಿದ್ದರು. ನಮ್ಮ ಜನಕ್ಕೆ ಅಹೋರಾತ್ರಿ ಆಟ ಹೊಸದಲ್ಲ, ಲಂಡನ್ನಿನವರಿಗೆ ಹೊಸದು. ಪೆಗ್ಗಿ ರಾಣಿ ಮಾರ್ಗರೆಟ್. ಮೊದಲ ಪ್ರವೇಶದಲ್ಲಿ ಸೆರೆಸಿಕ್ಕ ಫ್ರೆಂಚ್ ಹುಡುಗಿ, ಆಮೇಲೆ ಇಂಗ್ಲೆಂಡಿನ ರಾಣಿ, ಆಮೇಲೆ ಸೇನೆ ನಡೆಸುವವಳು, ಕೊನೆಗೆ ಗಂಡ, ಮಗ, ರಾಜ್ಯ ಎಲ್ಲವನ್ನೂ ಕಳೆದುಕೊಂಡು ಅರಮನೆಯ ಮೂಲೆಯಲ್ಲಿ ಶಾಪ ಹಾಕುತ್ತ ಅಲೆಯುವ ಮುದುಕಿ. ಇಡೀ ಒಂದು ಆಯುಷ್ಯವನ್ನು 55ರ ಹರೆಯದ ನಟಿ ಹೊತ್ತು ನಡೆದರು.

ಅದರಲ್ಲಿ ಒಂದು ಘೋರ ದೃಶ್ಯವಿದೆ. ಶತ್ರು ಯಾರ್ಕ್ ದೊರೆ ಸೆರೆಸಿಕ್ಕಿದ್ದಾನೆ. ಅವನ ಎಳೆಯ ಮಗನನ್ನು ಕೊಂದ ರಕ್ತದಲ್ಲಿ ಅದ್ದಿದ ವಸ್ತ್ರವನ್ನು ಮಾರ್ಗರೆಟ್ ಅವನ ಕೈಗೆ ಕೊಟ್ಟು, ಕಣ್ಣೀರು ಒರೆಸಿಕೋ ಅನ್ನುತ್ತಾಳೆ. ತಲೆಗೆ ಕಾಗದದ ಕಿರೀಟ ಇಡುತ್ತಾಳೆ. ಆಮೇಲೆ ಯಾರ್ಕ್ ಮಾತಾಡುತ್ತಾನೆ, ದೀರ್ಘವಾಗಿ. ಹೆಣ್ಣಿನ ತೊಗಲು ಹೊದ್ದ ಹುಲಿಯ ಹೃದಯ ನಿನ್ನದು ಎನ್ನುತ್ತಾನೆ. ಮಾರ್ಗರೆಟ್ ಮಾತಿಲ್ಲದೆ ನಿಂತು ಅದನ್ನೆಲ್ಲ ಕೇಳಬೇಕು. ಅವಳ ಕಡೆಯವನೇ ಒಬ್ಬ ಅಳುತ್ತಾನೆ. ಡೊನಾಲ್ಡ್ ಸಿಂಡೆನ್ ಯಾರ್ಕ್ ಆಗಿದ್ದ ಆ ಪ್ರದರ್ಶನವನ್ನು ಬಿಬಿಸಿ ಚಿತ್ರೀಕರಿಸಿ 1965ರಲ್ಲಿ ಬಿತ್ತರಿಸಿದ್ದರಿಂದ ನಾವೂ ನೋಡಬಹುದು. ಅವಳು ಕೇಳುತ್ತಿರುವಾಗ ಮುಖದ ಮೇಲಿನ ನಗು ಒಂದು ಹಂತದಲ್ಲಿ ತನ್ನನ್ನೇ ಹಿಡಿದು ನಿಲ್ಲಿಸಿಕೊಳ್ಳಲು ಹೆಣಗುತ್ತದೆ. ಕ್ರೌರ್ಯಕ್ಕೂ ಕಿವಿ ಇದೆ ಎಂಬುದನ್ನು ನಾನು ಅಲ್ಲಿ ಕಂಡೆ.

ಅಲ್ಲಿಂದ ಮುಂದೆ ಅವರು ಆರಿಸಿಕೊಂಡ ಪಾತ್ರಗಳಲ್ಲಿ ಮಾತು, ಮೌನಗಳ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೆರಾಲ್ಡ್ ಪಿಂಟರ್ ‘ಲ್ಯಾಂಡ್‌ಸ್ಕೇಪ್’ ಬರೆದಾಗ ಬ್ರಿಟನ್ನಿನಲ್ಲಿ ನಾಟಕಗಳಿಗೆ ಇನ್ನೂ ಸೆನ್ಸಾರ್ ಇತ್ತು. ಕೆಲವು ಬೈಗುಳ ತೆಗೆಯಬೇಕೆಂದರು, ಪಿಂಟರ್ ಒಪ್ಪಲಿಲ್ಲ. ರೇಡಿಯೋಗೆ ಆ ಸೆನ್ಸಾರ್ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಅದು ಮೊದಲು ಪೆಗ್ಗಿಯವರ ದನಿಯಲ್ಲಿ 1968ರಲ್ಲಿ ಬಿಬಿಸಿ ರೇಡಿಯೋದಲ್ಲಿ ಬಂತು. ಆ ವರ್ಷವೇ ಸೆನ್ಸಾರ್ ಕಾನೂನು ರದ್ದಾಯಿತು. 1969ರಲ್ಲಿ ಪೆಗ್ಗಿ ಅದನ್ನು ವೇದಿಕೆಯ ಮೇಲೆ ಆಡಿದರು. ಗಂಡ, ಹೆಂಡತಿ ಒಂದೇ ಅಡುಗೆಮನೆಯಲ್ಲಿ ಕೂತು ಮಾತಾಡುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಕೇಳುವುದಿಲ್ಲ. ಜೀವಮಾನವೆಲ್ಲ ಕೇಳಿಸಿಕೊಂಡ ನಟಿ, ಕೇಳಿಸದಿರುವುದನ್ನು ಆಡಬೇಕಾಯಿತು. 1975ರಲ್ಲಿ ನ್ಯಾಷನಲ್ ಥಿಯೇಟರಿಗೆ ಬೆಕೆಟ್‌ನ ‘ಹ್ಯಾಪಿ ಡೇಸ್’. ಸೊಂಟದವರೆಗೆ ಮಣ್ಣಲ್ಲಿ ಹೂತ, ಎರಡನೇ ಅಂಕದಲ್ಲಿ ಕುತ್ತಿಗೆಯವರೆಗೆ ಹೂತ ವಿನ್ನಿ. ಮಾತು ನಿಲ್ಲಿಸಿದರೆ ಸತ್ತೇನೋ ಎಂಬಂತೆ ಮಾತಾಡುವವಳು. 67 ವರ್ಷದ ನಟಿಗೆ ಕೊನೆಗೆ ಉಳಿದದ್ದು ಬಾಯಿ ಮತ್ತು ಕಣ್ಣು.

ರಂಗದ ಮೇಲೆ ಅವರ ಕಡೆಯ ಪಾತ್ರ 1981-82ರಲ್ಲಿ, ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ನ ವೃದ್ಧ ಕೌಂಟೆಸ್. ಮಗನನ್ನು ಪ್ರೀತಿಸುವ ಬಡ ಹುಡುಗಿಯ ಮನಸ್ಸನ್ನು ಅವಳು ಹೇಳುವ ಮೊದಲೇ ಅರಿತುಕೊಳ್ಳುವ ತಾಯಿ.

ಆಮೇಲೆ ಭಾರತ. ಗ್ರನಾಡಾ ಟೆಲಿವಿಷನ್ ಪಾಲ್ ಸ್ಕಾಟ್ ಅವರ ಕಾದಂಬರಿಗಳನ್ನು ‘ದಿ ಜುವೆಲ್ ಇನ್ ದಿ ಕ್ರೌನ್’ ಎಂದು ಹದಿನಾಲ್ಕು ಕಂತಿನ ಧಾರಾವಾಹಿ ಮಾಡಿ 1984ರ ಆರಂಭದಲ್ಲಿ ಬಿತ್ತರಿಸಿತು. ಅದರಲ್ಲಿ ಪೆಗ್ಗಿ ಬಾರ್ಬಿ ಬ್ಯಾಚೆಲರ್, ನಿವೃತ್ತ ಮಿಷನರಿ ಶಿಕ್ಷಕಿ. ಬ್ರಿಟಿಷ್ ಅಧಿಕಾರಿಗಳ ಹೆಂಡಂದಿರ ನಡುವೆ ಅಂತಸ್ತಿಲ್ಲದವಳು, ಸುಮ್ಮನಿರಲು ಬಾರದವಳು. ತನ್ನ ಮಾತಿಗೆ ಜನ ಮುಖ ತಿರುವುತ್ತಾರೆಂದು ಗೊತ್ತಿದ್ದೂ ಮಾತಾಡುತ್ತಾಳೆ, ಯಾಕೆಂದರೆ ಅವಳ ಪ್ರಾರ್ಥನೆ ದೇವರಿಗೆ ತಲುಪುತ್ತಿದೆಯೋ ಇಲ್ಲವೋ ಎಂಬ ಭಯ ಅವಳನ್ನು ಒಳಗೇ ಕೊರೆಯುತ್ತಿದೆ. ಕೊನೆಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಾತೇ ಬಿಟ್ಟುಬಿಡುತ್ತಾಳೆ. ಕಾದಂಬರಿಯಲ್ಲಿ ಅವಳು ಸಾಯುವ ದಿನ 1945ರ ಆಗಸ್ಟ್ 6, ಹಿರೋಶಿಮಾದ ದಿನ. ನನಗೆ ಪೆಗ್ಗಿಯವರ ಅಭಿನಯದಲ್ಲಿ ಅತಿ ಇಷ್ಟವಾದದ್ದು ಮಿಸೆಸ್ ಮೂರ್‌ಗಿಂತ ಈ ಬಾರ್ಬಿ. ಬಯಸಿದ್ದು ಸಿಗದ, ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಒಬ್ಬ ಮುದುಕಿಗೆ ಇಷ್ಟು ಘನತೆ ಕೊಟ್ಟ ಅಭಿನಯವನ್ನು ನಾನು ಬೇರೆ ಕಂಡಿಲ್ಲ.

ಹಾಗೆ ನಾವು ಮತ್ತೆ ಬೆಂಗಳೂರಿಗೆ ಬಂದೆವು. ಈ ಸಿನಿಮಾಕ್ಕೆ ಕರ್ನಾಟಕದ ಇನ್ನೊಂದು ನಂಟೂ ಇದೆ. ಫಾರ್ಸ್ಟರ್ ಕಾದಂಬರಿಯನ್ನು ಮೊದಲು ನಾಟಕ ಮಾಡಿದವರು ಶಾಂತಾ ರಾಮರಾವ್. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾಯರ ಮಗಳು. ಸಂವಿಧಾನ ರಚನೆಯ ಸಲಹೆಗಾರ ಬಿ. ಎನ್. ರಾಯರು ಅವರ ದೊಡ್ಡಪ್ಪ. ದಕ್ಷಿಣ ಕನ್ನಡ ಮೂಲದ ಆ ಮನೆತನದ ಹೆಣ್ಣುಮಗಳ ನಾಟಕ 1960ರಲ್ಲಿ ಇಂಗ್ಲೆಂಡಿನಲ್ಲಿ ರಂಗಕ್ಕೇರಿತು. ಲೀನ್ ಸಿನಿಮಾದ ಶೀರ್ಷಿಕೆಗಳಲ್ಲಿ ಕಾದಂಬರಿಯ ಜೊತೆ ಆ ನಾಟಕಕ್ಕೂ ಋಣ ಹೇಳಲಾಗಿದೆ.

ಮಿಸೆಸ್ ಮೂರ್ ಆಗಿ ಪೆಗ್ಗಿಗೆ 1985ರಲ್ಲಿ ಪೋಷಕ ನಟಿಯ ಆಸ್ಕರ್ ಬಂತು. ಆಗ ಅವರಿಗೆ 77. ಸಮಾರಂಭಕ್ಕೆ ಅವರು ಹೋಗಿರಲಿಲ್ಲ. ಅವರ ಪರವಾಗಿ ಏಂಜೆಲಾ ಲ್ಯಾನ್ಸ್‌ಬರಿ ಸ್ವೀಕರಿಸಿದರು. 1989ರಲ್ಲಿ ‘ಶೀಸ್ ಬೀನ್ ಅವೇ’ ಎಂಬ ಚಿತ್ರದಲ್ಲಿ, ತಾರುಣ್ಯದಲ್ಲೇ ಮಾನಸಿಕ ಆಸ್ಪತ್ರೆಗೆ ತಳ್ಳಲ್ಪಟ್ಟು ಮುದುಕಿಯಾಗಿ ಹೊರಬಂದ, ಮಾತೇ ಆಡದ ಹೆಂಗಸಾದರು. ಅದಕ್ಕೆ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ, ಸಹನಟಿ ಜೆರಾಲ್ಡಿನ್ ಜೇಮ್ಸ್ ಜೊತೆ ಹಂಚಿಕೆಯಾಗಿ. 1991ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರ ಹೆಸರಿನ ರಂಗಮಂದಿರ 1962ರಿಂದಲೂ ಹುಟ್ಟೂರು ಕ್ರಾಯ್ಡನ್‌ನಲ್ಲಿದೆ.

ಈಗ ಅಲೆಕ್ ಗಿನ್ನಿಸ್. ಲೀನ್ ಅವರಿಗೆ ಪ್ರೊಫೆಸರ್ ಗೋಡ್‌ಬೋಲೆ ಪಾತ್ರ ಕೊಟ್ಟರು. ಮರಾಠಿ ಬ್ರಾಹ್ಮಣನ ಪಾತ್ರವನ್ನು ಇಂಗ್ಲಿಷ್ ನಟ ಮುಖಕ್ಕೆ ಕಂದು ಬಣ್ಣ ಹಚ್ಚಿಕೊಂಡು ಮಾಡಿದ್ದು ನನಗೆ ಅಂದೂ ಸರಿ ಕಾಣಲಿಲ್ಲ, ಇಂದೂ ಕಾಣುವುದಿಲ್ಲ. ಅದೇ ಸಿನಿಮಾದಲ್ಲಿ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಶನ್ ಸೇಠ್ ಇದ್ದಾರೆ. ನಟರಿಗೆ ಕೊರತೆಯೇನೂ ಇರಲಿಲ್ಲ. ರೋಬ್ಸನ್ ಎದುರು ಡೆಸ್ಡಿಮೋನಾ ಆಗಿದ್ದ ಪೆಗ್ಗಿ ಇರುವ ಸಿನಿಮಾದಲ್ಲಿ ಇದು ಹೀಗಾಯಿತಲ್ಲ ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ. ಆ ನೋವನ್ನು ಇಟ್ಟುಕೊಂಡೇ ನಾನು ಆ ರೈಲು ನಿಲ್ದಾಣದ ದೃಶ್ಯವನ್ನು ನೋಡುತ್ತೇನೆ.

ಗುಹೆಯಲ್ಲಿ ಬಿಳಿಯ ಹುಡುಗಿಯೊಬ್ಬಳ ಮೇಲೆ ಕೈಮಾಡಿದ ಎಂಬ ಆರೋಪದ ಮೇಲೆ ಅಜೀಜ್ ಜೈಲಿನಲ್ಲಿದ್ದಾನೆ. ಅವನು ನಿರಪರಾಧಿ ಎಂದು ಮಿಸೆಸ್ ಮೂರ್‌ಗೆ ಗೊತ್ತು, ಆದರೂ ಊರು ಬಿಟ್ಟು ಹೊರಟಿದ್ದಾಳೆ. ಹಡಗಿನಲ್ಲಿ ಸಾಯುತ್ತಾಳೆ ಎಂದು ಅವಳಿಗೆ ಗೊತ್ತಿಲ್ಲ, ನಮಗೂ ಆಗ ಗೊತ್ತಿಲ್ಲ. ರಾತ್ರಿಯ ರೈಲು ನಿಧಾನಕ್ಕೆ ಚಲಿಸುತ್ತದೆ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಗೋಡ್‌ಬೋಲೆ ಒಬ್ಬರೇ ನಿಂತು ಎರಡೂ ಕೈ ಎತ್ತಿ ಮುಗಿಯುತ್ತಾರೆ. ಕಿಟಕಿಯ ಒಳಗಿನಿಂದ ಅವಳು ನೋಡುತ್ತಾಳೆ. 1938ರಲ್ಲಿ ಕ್ವೀನ್ಸ್ ಥಿಯೇಟರಿನ ಒಂದೇ ತಂಡದಲ್ಲಿ ಇರೀನಾ ಮತ್ತು ಫೆದೋತಿಕ್ ಆಗಿದ್ದ ಇಬ್ಬರು ಅವರು. ಚೆಕಾಫ್‌ನ ಆ ನಾಟಕದ ಕೊನೆಯ ಅಂಕದಲ್ಲೂ ಫೆದೋತಿಕ್ ಊರು ಬಿಟ್ಟು ಹೋಗುವ ಸೈನಿಕರ ಜೊತೆ ವಿದಾಯ ಹೇಳಲು ಬರುತ್ತಾನೆ, ಇರೀನಾ ಉಳಿಯುತ್ತಾಳೆ. ಇಲ್ಲಿ ಹೊರಟವಳು ಅವಳು.

ಆ ದೃಶ್ಯವನ್ನು ಈಗ ನಿಮಗೆ ತೋರಿಸುತ್ತೇನೆ. ಒಂದು ನಿಮಿಷಕ್ಕಿಂತ ಹೆಚ್ಚಿಲ್ಲ. ಹಿಂದೆ ಕೂತವರು ದಯವಿಟ್ಟು ದೀಪ ಆರಿಸಿ.